ಎಕರೆಗೆ 324 ರೂಪಾಯಿ ಕಂತು: ಆ ಲೆಕ್ಕ ಎಲ್ಲಿಂದ ಬಂತು?

ಮುಂಗಾರಿನಲ್ಲಿ ಬೆಳೆ ವಿಮೆ ಮಾಡಿಸಿದವರ ಕೈಗೆ ಬರುವ ಚೀಟಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ವಿಮಾ ಮೊತ್ತ, ರೈತರ ಕಂತು ಇಷ್ಟು ಇರುತ್ತದೆ. ಮಳೆಯಾಶ್ರಿತ ರಾಗಿಗೆ ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಅಂತಿಟ್ಟುಕೊಳ್ಳಿ. ಶೇ 2ರಂತೆ ಕಂತು 800. ಒಂದು ಹೆಕ್ಟೇರ್ ಅಂದರೆ 2.471 ಎಕರೆ, ಹಾಗಾಗಿ ಎಕರೆಗೆ 324. ಇಷ್ಟು ಕಟ್ಟಿ ಮನೆಗೆ ಬರುತ್ತಾರೆ. ಬೆಳೆ ಹೋದಾಗ ದುಡ್ಡು ಬರುತ್ತದೋ ಇಲ್ಲವೋ, ಬಂದರೆ ಎಷ್ಟು ಎನ್ನುವುದನ್ನು ತೀರ್ಮಾನಿಸುವ ಅಂಕಿ, ವಿಮೆಗೆ ನಿಜವಾಗಿ ಬೀಳುವ ಬೆಲೆಯ ಅಂಕಿ, ಈ ಎರಡು ಮಾತ್ರ ಆ ಚೀಟಿಯಲ್ಲಿ ಎದ್ದು ಕಾಣುವುದಿಲ್ಲ. ಒಂದು, ನಿಮ್ಮ ಪಂಚಾಯಿತಿಯ ಖಾತರಿ ಇಳುವರಿ. ಕಚೇರಿಯವರ ಬಾಯಲ್ಲಿ ಅದು 'ಥ್ರೆಶೋಲ್ಡ್'. ಇನ್ನೊಂದು, ವಿಮಾ ಕಂಪನಿ ನಿಮ್ಮ ಬೆಳೆಗೆ ನಿಜವಾಗಿ ಹಾಕಿರುವ ದರ. ರೈತ ಕೊಡುವ ಶೇ 2 ವಿಮೆಯ ಬೆಲೆಯೇ ಅಲ್ಲ, ಬೆಲೆಯಲ್ಲಿ ರೈತನ ಪಾಲು ಅಷ್ಟೆ.

ಮೊದಲು ವಿಮಾ ಮೊತ್ತ. ಇದು ಬೆಳೆಯ ಮಾರುಕಟ್ಟೆ ಬೆಲೆ ಅಂತ ತಿಳಿದವರೇ ಹೆಚ್ಚು. ಅಲ್ಲ. ಬೆಳೆ ಸಾಲಕ್ಕೆ ಪ್ರತಿ ಜಿಲ್ಲೆಯಲ್ಲಿ ತಾಂತ್ರಿಕ ಸಮಿತಿ ಕೂತು, ಒಂದು ಹೆಕ್ಟೇರ್ ಬೆಳೆಯಲು ಬೀಜ, ಗೊಬ್ಬರ, ಔಷಧಿ, ಕೂಲಿ ಸೇರಿ ಎಷ್ಟು ಖರ್ಚು ಬೀಳುತ್ತದೆ ಅಂತ ಒಂದು ಮಟ್ಟ ಕಟ್ಟುತ್ತದೆ. ಬ್ಯಾಂಕಿನವರು ಅದನ್ನು 'ಸ್ಕೇಲ್ ಆಫ್ ಫೈನಾನ್ಸ್' ಅನ್ನುತ್ತಾರೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಸಾಮಾನ್ಯವಾಗಿ ಅದೇ ವಿಮಾ ಮೊತ್ತ. 2020ರಲ್ಲಿ ಯೋಜನೆ ತಿದ್ದಿದಾಗ ರಾಜ್ಯಗಳಿಗೆ ಇನ್ನೊಂದು ದಾರಿ ಕೊಟ್ಟರು: ಜಿಲ್ಲೆಯ ಸರಾಸರಿ ಇಳುವರಿಯನ್ನು ಬೆಂಬಲ ಬೆಲೆಯಿಂದ ಗುಣಿಸಿ ಬಂದ ಮೊತ್ತವನ್ನೂ ಇಡಬಹುದು. ಹೇಗೇ ಇಟ್ಟರೂ, ರಾಗಿಯ ಬೆಲೆ ಮಾರುಕಟ್ಟೆಯಲ್ಲಿ ಬಿದ್ದರೆ ಈ ವಿಮೆಯಿಂದ ನಯಾಪೈಸೆ ಬರುವುದಿಲ್ಲ. ಇದು ಇಳುವರಿ ವಿಮೆ, ಬೆಲೆ ವಿಮೆ ಅಲ್ಲ. ಟೊಮೆಟೊ ರಸ್ತೆಗೆ ಸುರಿದ ವರ್ಷ 'ವಿಮೆ ಇತ್ತಲ್ಲ' ಅಂತ ಕೇಳುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗುತ್ತದೆ.

ಈಗ ಖಾತರಿ ಇಳುವರಿ. ಇಲ್ಲೇ ಇಡೀ ಆಟ ಇರುವುದು. ಅಧಿಸೂಚಿತ ಘಟಕ (ಕರ್ನಾಟಕದಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ) ಕಳೆದ 7 ವರ್ಷದಲ್ಲಿ ತೆಗೆದ ಇಳುವರಿಗಳಲ್ಲಿ ಒಳ್ಳೆಯ 5 ವರ್ಷಗಳನ್ನು ಆರಿಸಿ ಸರಾಸರಿ ತೆಗೆಯುತ್ತಾರೆ. ಅದನ್ನು ಆ ಬೆಳೆಯ ನಷ್ಟಭರ್ತಿ ಮಟ್ಟದಿಂದ, ಅಂದರೆ 70, 80 ಅಥವಾ 90 ಪರ್ಸೆಂಟಿನಿಂದ ಗುಣಿಸುತ್ತಾರೆ. ಬಂದಿದ್ದೇ ಖಾತರಿ ಇಳುವರಿ.

ಲೆಕ್ಕಕ್ಕೆ ಒಂದು ಪಂಚಾಯಿತಿ ಕಟ್ಟಿಕೊಳ್ಳೋಣ. ಏಳು ವರ್ಷದ ರಾಗಿ ಇಳುವರಿ, ಹೆಕ್ಟೇರಿಗೆ ಕೆಜಿಯಲ್ಲಿ: 1650, 900, 1480, 1720, 620, 1560, 1390. ಕೆಟ್ಟ ಎರಡು ವರ್ಷ (900 ಮತ್ತು 620) ಬಿಟ್ಟರೆ ಉಳಿದ ಐದರ ಮೊತ್ತ 7800, ಸರಾಸರಿ 1560. ನಷ್ಟಭರ್ತಿ ಮಟ್ಟ 80 ಆದರೆ ಖಾತರಿ ಇಳುವರಿ 1248 ಕೆಜಿ. ಈ ವರ್ಷ ಮಳೆ ಕೈಕೊಟ್ಟು ಪಂಚಾಯಿತಿಯ ಸರಾಸರಿ 780 ಕೆಜಿಗೆ ಇಳಿಯಿತು ಅನ್ನಿ. ಕೊರತೆ 468. ಅದನ್ನು 1248ರಿಂದ ಭಾಗಿಸಿದರೆ ಶೇ 37.5. ವಿಮಾ ಮೊತ್ತ 40,000ದ ಶೇ 37.5 ಅಂದರೆ ಹೆಕ್ಟೇರಿಗೆ 15,000, ಎಕರೆಗೆ ಸುಮಾರು 6,070 ರೂಪಾಯಿ.

'ಅರ್ಧ ಬೆಳೆ ಹೋಯಿತು, ಅರ್ಧ ದುಡ್ಡು ಯಾಕೆ ಬರಲಿಲ್ಲ' ಎನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. 1560ಕ್ಕೆ 780 ಸರಿಯಾಗಿ ಅರ್ಧ. ಆದರೆ ಹೋಲಿಕೆ 1560ರ ಜೊತೆ ಅಲ್ಲ, 1248ರ ಜೊತೆ. ಮೊದಲ 312 ಕೆಜಿ ನಷ್ಟ ರೈತನ ಹೆಗಲ ಮೇಲೇ. ನಷ್ಟಭರ್ತಿ ಮಟ್ಟ 90 ಇದ್ದಿದ್ದರೆ ಖಾತರಿ ಇಳುವರಿ 1404 ಆಗಿ ಪರಿಹಾರ 17,778ಕ್ಕೆ ಏರುತ್ತಿತ್ತು. 70 ಇದ್ದರೆ 1092, ಪರಿಹಾರ 11,429. ಅದೇ ಹೊಲ, ಅದೇ ಬರ, ಅದೇ 800 ರೂಪಾಯಿ ಕಂತು. ರೈತನಿಗೆ ತೋರುವ ಕಂತಿನಲ್ಲಿ ಈ ವ್ಯತ್ಯಾಸ ಎಲ್ಲೂ ಕಾಣುವುದಿಲ್ಲ.

ಹಾಗಾದರೆ ಎಲ್ಲ ಬೆಳೆಗೂ 90 ಇಟ್ಟುಬಿಡಬಹುದಲ್ಲ? ಇಡಬಹುದು, ಬೆಲೆ ಏರುತ್ತದೆ. ಕಂಪನಿಯ ಲೆಕ್ಕಿಗ ದರ ಕಟ್ಟುವ ಮೊದಲ ಹೆಜ್ಜೆ ತುಂಬ ಸರಳ: ಈಗಿನ ಷರತ್ತುಗಳು ಹಿಂದಿನ ವರ್ಷಗಳಲ್ಲೂ ಇದ್ದಿದ್ದರೆ ಎಷ್ಟು ಪರಿಹಾರ ಕೊಡಬೇಕಾಗುತ್ತಿತ್ತು? ಇದಕ್ಕೆ 'ಬರ್ನಿಂಗ್ ಕಾಸ್ಟ್' ಅನ್ನುತ್ತಾರೆ. ನಮ್ಮ ಪಂಚಾಯಿತಿಯನ್ನೇ ತೆಗೆದುಕೊಳ್ಳಿ. ಖಾತರಿ 1248 ಇದ್ದರೆ, 900 ಕೆಜಿ ಬಂದ ವರ್ಷ ಶೇ 27.9, 620 ಬಂದ ವರ್ಷ ಶೇ 50.3 ಕೊಡಬೇಕಿತ್ತು. ಉಳಿದ ಐದು ವರ್ಷ ಸೊನ್ನೆ. ಎರಡನ್ನೂ ಕೂಡಿ 7ರಿಂದ ಭಾಗಿಸಿದರೆ ವರ್ಷಕ್ಕೆ ಶೇ 11.2. ಮಟ್ಟ 70ಕ್ಕೆ ಇಳಿಸಿದರೆ ಇದೇ ಲೆಕ್ಕ ಶೇ 8.7 ಆಗುತ್ತದೆ, 90ಕ್ಕೆ ಏರಿಸಿದರೆ ಶೇ 13.2. ನಿಜವಾದ ಕೆಲಸದಲ್ಲಿ ಹೆಚ್ಚು ವರ್ಷಗಳ ಇಳುವರಿ ನೋಡುತ್ತಾರೆ, ವರ್ಷದಿಂದ ವರ್ಷಕ್ಕೆ ಇಳುವರಿ ಏರುತ್ತಲೋ ಇಳಿಯುತ್ತಲೋ ಹೋಗುತ್ತಿದ್ದರೆ ಅದಕ್ಕೆ ತಕ್ಕಂತೆ ತಿದ್ದುತ್ತಾರೆ, ಅಕ್ಕಪಕ್ಕದ ಘಟಕಗಳ ಅಂಕಿ ಬೆರೆಸುತ್ತಾರೆ. ಆದರೆ ತಿರುಳು ಇದೇ. ಇದರ ಮೇಲೆ ಕಚೇರಿ ಖರ್ಚು, ಮರುವಿಮೆಯ (ಕಂಪನಿ ತಾನೇ ಇನ್ನೊಂದು ಕಂಪನಿಯಲ್ಲಿ ಮಾಡಿಸುವ ವಿಮೆ) ಖರ್ಚು, ಏಳು ವರ್ಷದಲ್ಲಿ ಕಾಣದ ಮಹಾ ಬರಕ್ಕೆ ಒಂದಿಷ್ಟು, ಲಾಭಕ್ಕೆ ಒಂದಿಷ್ಟು. ಹೀಗೆ 11.2 ಹೋಗಿ 14 ಅಥವಾ 15 ಆಗುತ್ತದೆ.

14 ಅಂತಲೇ ಇಟ್ಟುಕೊಳ್ಳಿ. ಹೆಕ್ಟೇರಿಗೆ ನಿಜವಾದ ಕಂತು 5,600. ರೈತ 800 ಕೊಟ್ಟ. ಉಳಿದ 4,800ರಲ್ಲಿ ಕೇಂದ್ರ 2,400, ರಾಜ್ಯ 2,400. ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳಿಗೆ ಶೇ 2, ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ರೈತನ ಪಾಲಿನ ಈ ಗೆರೆ 2016ರಲ್ಲಿ ಹಾಕಿದ್ದು. ಕಂಪನಿಯ ದರವೇ ಇದಕ್ಕಿಂತ ಕಡಿಮೆ ಇದ್ದರೆ ಆ ಕಡಿಮೆಯನ್ನೇ ಕೊಟ್ಟರಾಯಿತು.

ದರ ಗೊತ್ತುಮಾಡುವುದು ಟೆಂಡರಿನಲ್ಲಿ. ಅಪಾಯ ಹೆಚ್ಚಿರುವ ಜಿಲ್ಲೆ, ಕಡಿಮೆ ಇರುವ ಜಿಲ್ಲೆ ಬೆರೆಸಿ ರಾಜ್ಯ ಸರ್ಕಾರ ಕ್ಲಸ್ಟರ್ ಮಾಡುತ್ತದೆ. ಕಂಪನಿಗಳು ಪ್ರತಿ ಜಿಲ್ಲೆಯ ಪ್ರತಿ ಬೆಳೆಗೂ ದರ ಬರೆದು ಹಾಕುತ್ತವೆ. ಯಾವ ಬೆಳೆ ಎಷ್ಟು ವಿಸ್ತೀರ್ಣ, ಎಷ್ಟು ವಿಮಾ ಮೊತ್ತ ಎನ್ನುವ ತೂಕ ಹಾಕಿ ಒಟ್ಟು ಕಡಿಮೆ ಬಂದವರಿಗೆ ಇಡೀ ಕ್ಲಸ್ಟರ್. 2020ರಿಂದ ಈ ಹಂಚಿಕೆ 3 ವರ್ಷದ್ದು. ರೈತ ತನಗೆ ಬೇಕಾದ ಕಂಪನಿ ಆರಿಸುವ ಪ್ರಶ್ನೆಯೇ ಇಲ್ಲ. ಜಿಲ್ಲೆಗೆ ಯಾರು ಬಂದರೋ ಅವರೇ. ತೂಕದ ಲೆಕ್ಕ ಆದ್ದರಿಂದ ಸಣ್ಣ ವಿಸ್ತೀರ್ಣದ ಬೆಳೆಗೆ ದರ ಎಷ್ಟು ಏರಿಸಿ ಬರೆದರೂ ಒಟ್ಟು ಮೊತ್ತ ಹೆಚ್ಚು ಅಲುಗುವುದಿಲ್ಲ, ಹಾಗಾಗಿ ಕೆಲವು ಸಣ್ಣ ಬೆಳೆಗಳ ದರ ನೋಡಿದರೆ ಕಣ್ಣು ಕುಕ್ಕುತ್ತದೆ.

ದರಕ್ಕೆ ಮಿತಿ ಹಾಕಿದರೆ ಏನಾಗುತ್ತದೆ ಎನ್ನುವುದನ್ನು ನಾವು ಒಮ್ಮೆ ನೋಡಿದ್ದೇವೆ. 2010-11ರಲ್ಲಿ ಬಂದ ಪರಿಷ್ಕೃತ ರಾಷ್ಟ್ರೀಯ ಕೃಷಿ ವಿಮೆಯಲ್ಲಿ ದರಕ್ಕೆ ಮೇಲ್ಮಿತಿ ಇತ್ತು. ನಿಜವಾದ ದರ ಮಿತಿ ದಾಟಿದರೆ ಕಂಪನಿ ನಷ್ಟಕ್ಕೆ ವಿಮೆ ಕೊಡುವುದಿಲ್ಲ, ವಿಮಾ ಮೊತ್ತವನ್ನೇ ಕತ್ತರಿಸುತ್ತದೆ. ಹೆಚ್ಚು ಬರ ಬೀಳುವ ಕಡೆಯೇ ಹೆಚ್ಚು ಕತ್ತರಿ. 2016ರಲ್ಲಿ ಆ ಮಿತಿ ತೆಗೆದರು, ಸರ್ಕಾರಗಳ ಸಹಾಯಧನದ ಬಿಲ್ಲು ಏರತೊಡಗಿತು. 2020ರಲ್ಲಿ ಕೇಂದ್ರ ತನ್ನ ಪಾಲಿಗೆ ಮಾತ್ರ ಮಿತಿ ಹಾಕಿಕೊಂಡಿತು: ಮಳೆಯಾಶ್ರಿತಕ್ಕೆ ಶೇ 30ರ ದರದವರೆಗೆ, ನೀರಾವರಿಗೆ ಶೇ 25ರವರೆಗೆ. ಅದರ ಮೇಲಿನದ್ದೆಲ್ಲ ರಾಜ್ಯದ್ದು. ಮಳೆಯಾಶ್ರಿತ ಬೆಳೆಯೊಂದರ ದರ ಶೇ 36 ಬಂದರೆ ರೈತ 2, ಕೇಂದ್ರ 14, ರಾಜ್ಯ 14 ಮತ್ತು ಮೇಲಿನ 6 ಸೇರಿ 20. ಇಂಥ ಬೆಳೆ ಮುಂದಿನ ಅಧಿಸೂಚನೆಯಲ್ಲಿ ಉಳಿಯುತ್ತದೆಯೇ ಎನ್ನುವುದು ರಾಜ್ಯದ ಹಣಕಾಸು ಇಲಾಖೆಗೆ ಬಿಟ್ಟ ಮಾತು. ಬಿಹಾರ, ಪಶ್ಚಿಮ ಬಂಗಾಳ, ಗುಜರಾತ್ ಬೇರೆ ಬೇರೆ ವರ್ಷಗಳಲ್ಲಿ ಯೋಜನೆಯಿಂದ ಹೊರನಡೆದಿದ್ದರ ಹಿಂದೆ ಈ ಬಿಲ್ಲಿನ ಭಾರವೂ ಇತ್ತು.

ಈ ಲೆಕ್ಕದಲ್ಲಿ ನನಗೆ ಸರಿ ಕಾಣದ್ದು ಒಂದಿದೆ. ಒಳ್ಳೆಯ 5 ವರ್ಷ ಆರಿಸುವುದರಿಂದ ಏಳರಲ್ಲಿ ಎರಡು ಕೆಟ್ಟ ವರ್ಷದ ತನಕ ರೈತನಿಗೆ ರಕ್ಷಣೆ ಇದೆ. ಮೂರನೆಯದು ಬಂದರೆ ಅದು ಸರಾಸರಿಯೊಳಗೆ ನುಗ್ಗುತ್ತದೆ. ನಮ್ಮ ಪಂಚಾಯಿತಿಯ ಪಟ್ಟಿಯಿಂದ ಹಳೆಯ ಎರಡು ವರ್ಷ (1650, 900) ಜಾರಿ, ಹೊಸದಾಗಿ 780 ಮತ್ತು 700 ಸೇರಿದವು ಅನ್ನಿ. ಈಗ ಒಳ್ಳೆಯ ಐದು ಅಂದರೆ 1720, 1560, 1480, 1390, 780. ಸರಾಸರಿ 1386, ಖಾತರಿ 1109. ಮತ್ತೆ 780 ಕೆಜಿಯೇ ಬಂದರೆ ಹಿಂದೆ ಶೇ 37.5 ಕೊಟ್ಟ ಕಡೆ ಈಗ ಶೇ 29.7, ಹೆಕ್ಟೇರಿಗೆ 15,000 ಇದ್ದದ್ದು 11,900ಕ್ಕೂ ಕಡಿಮೆ. ಅತ್ತ ಬರ್ನಿಂಗ್ ಕಾಸ್ಟ್ 11.2ರಿಂದ 15.8ಕ್ಕೆ ಏರಿತು. ಬರ ಪದೇ ಪದೇ ಬಿದ್ದ ಕಡೆ ವಿಮೆ ತುಟ್ಟಿಯೂ ಆಯಿತು, ತೆಳ್ಳಗೂ ಆಯಿತು. ತುಟ್ಟಿಯಾದದ್ದು ಸರ್ಕಾರದ ಲೆಕ್ಕಕ್ಕೆ ಹೋಗುವುದರಿಂದ ರೈತನಿಗೆ ಗೊತ್ತಾಗುವುದಿಲ್ಲ, ತೆಳ್ಳಗಾದದ್ದು ಪರಿಹಾರ ಬಂದ ದಿನವೇ ಗೊತ್ತಾಗುವುದು.

ಇನ್ನು ಆ 780 ಎನ್ನುವ ಅಂಕಿ ಎಲ್ಲಿಂದ ಬರುತ್ತದೆ? ಬೆಳೆ ಕಟಾವು ಪ್ರಯೋಗದಿಂದ. ಪಂಚಾಯಿತಿಗೆ ಪ್ರತಿ ಮುಖ್ಯ ಬೆಳೆಗೆ ಕನಿಷ್ಠ 4, ಹೋಬಳಿ ಘಟಕವಾದರೆ 10. ಸರ್ವೆ ನಂಬರುಗಳಿಂದ ಯಾದೃಚ್ಛಿಕವಾಗಿ ಹೊಲ ಆರಿಸಿ, ಆ ಹೊಲದ ನೈಋತ್ಯ ಮೂಲೆಯಿಂದ, ಉದ್ದಕ್ಕೆ ಇಷ್ಟು, ಅಡ್ಡಕ್ಕೆ ಇಷ್ಟು ಅಂತ ಮೊದಲೇ ಕೊಟ್ಟ ಸಂಖ್ಯೆಯಷ್ಟು ಹೆಜ್ಜೆ ನಡೆದು ಗೂಟ ಹೊಡೆಯುತ್ತಾರೆ. ರಾಗಿ, ಭತ್ತದಂಥ ಬೆಳೆಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಹಗ್ಗ ಬಿಗಿದ ಮೇಲೆ ಕರ್ಣ 7.07 ಮೀಟರ್ ಇದೆಯಾ ಅಂತ ಅಳೆಯಬೇಕು, ಇಲ್ಲದಿದ್ದರೆ ಚೌಕ ಓರೆಯಾಗಿದೆ ಅಂತ ಅರ್ಥ. ಒಳಗಿನ ಬೆಳೆ ಕೊಯ್ದು, ಬಡಿದು, ತೂರಿ ತೂಕ ಹಾಕುತ್ತಾರೆ. ಹಸಿ ತೂಕ ನಡೆಯುವುದಿಲ್ಲ, ಒಣಗಿಸಿದ ತೂಕಕ್ಕೆ ತರಬೇಕು. ಮೊಬೈಲ್ ಆ್ಯಪಿನಲ್ಲಿ ಜಾಗದ ಗುರುತು ಸಮೇತ ಫೋಟೊ ಏರಿಸುತ್ತಾರೆ. ಕಂಪನಿಯ ಪ್ರತಿನಿಧಿಗೂ ನಿಂತು ನೋಡುವ ಹಕ್ಕಿದೆ.

ಆ ಚೌಕ 25 ಚದರ ಮೀಟರ್, ಹೆಕ್ಟೇರ್ 10,000. ಅಂದರೆ ತಕ್ಕಡಿಯಲ್ಲಿ ಬಂದ ತೂಕವನ್ನು 400ರಿಂದ ಗುಣಿಸುತ್ತಾರೆ. 780 ಕೆಜಿ ಇಳುವರಿ ಅಂದರೆ ಚೌಕದಲ್ಲಿ ಸಿಕ್ಕಿದ್ದು 1 ಕೆಜಿ 950 ಗ್ರಾಂ ರಾಗಿ. ನಾಲ್ಕು ಚೌಕಗಳ ಪೈಕಿ ಒಂದರಲ್ಲಿ, ಗೂಟ ಅರ್ಧ ಅಡಿ ಆಚೆ ಹೋಗಿಯೋ, ಬದುವಿನ ಪಕ್ಕದ ಸೊಂಪಾದ ತಾಕಿನಲ್ಲಿ ಬಿದ್ದೋ, ರಾಗಿ ಪೂರ್ತಿ ಒಣಗದೆಯೋ ಅರ್ಧ ಕೆಜಿ ಹೆಚ್ಚು ತೂಗಿತು ಅನ್ನಿ. ಆ ಒಂದು ಚೌಕದ ಇಳುವರಿ 200 ಕೆಜಿ ಏರಿತು, ನಾಲ್ಕರ ಸರಾಸರಿ 50 ಕೆಜಿ ಏರಿತು. 780 ಇದ್ದದ್ದು 830. ಪರಿಹಾರ 15,000 ಇದ್ದದ್ದು 13,400. ಅರ್ಧ ಸೇರಿನ ಆಸುಪಾಸಿನ ರಾಗಿಗೆ ಆ ಪಂಚಾಯಿತಿಯ ಪ್ರತಿ ವಿಮಾದಾರನೂ ಹೆಕ್ಟೇರಿಗೆ 1,600 ರೂಪಾಯಿ ಕಳೆದುಕೊಂಡ. ಬೇರೆ ದಿಕ್ಕಿನಲ್ಲಿ ತಪ್ಪಾದರೆ ಕಂಪನಿ ಕಳೆದುಕೊಳ್ಳುತ್ತದೆ, ಆಗ ಅದು ಆಕ್ಷೇಪಣೆ ಹಾಕುತ್ತದೆ, ಪರಿಹಾರ ತಿಂಗಳುಗಟ್ಟಲೆ ನಿಲ್ಲುತ್ತದೆ. ರೈತರು ಮಾತ್ರ ಕಟಾವು ಪ್ರಯೋಗದ ದಿನ ಹೊಲದ ಹತ್ತಿರ ಹೋಗುವುದೇ ಅಪರೂಪ. ಯಾವ ಸರ್ವೆ ನಂಬರಿನಲ್ಲಿ ಪ್ರಯೋಗ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಗ್ರಾಮ ಆಡಳಿತಾಧಿಕಾರಿಯ ಬಳಿ ಕೇಳಿ, ಊರಿನ ನಾಲ್ಕು ಜನ ಹೋಗಿ ನಿಂತರೆ ಸಾಕು. ಜಗಳ ಬೇಡ, ಕರ್ಣ ಅಳೆದರಾ, ತೂಕ ಎಷ್ಟು ಬರೆದರು ನೋಡಿ, ಬರೆದುಕೊಳ್ಳಿ.

2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಆಧಾರಿತ ಅಂದಾಜಿಗೂ ಕನಿಷ್ಠ ಶೇ 30 ತೂಕ ಕೊಡಬೇಕೆಂದು ಕೇಂದ್ರ ಹೇಳಿತು, 2024ರಿಂದ ಸೋಯಾ ಅವರೆಯೂ ಸೇರಿತು. ತಕ್ಕಡಿಯ ತಪ್ಪು ಇದರಿಂದ ಸ್ವಲ್ಪ ತೆಳುವಾಗುತ್ತದೆ. ಆದರೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆರೆಸಿ ಬಿತ್ತುವ ನಮ್ಮ ರಾಗಿ ಹೊಲಗಳನ್ನು ಆಕಾಶದಿಂದ ಬಿಡಿಸಿ ನೋಡುವುದು ಬೇರೆಯೇ ಕಷ್ಟ.

ನನ್ನ ಹೊಲ ಪೂರ್ತಿ ಒಣಗಿದರೂ ಪಕ್ಕದವರ ಹೊಲ ಚೆನ್ನಾಗಿದ್ದರೆ ನನಗೆ ಯಾಕೆ ಇಲ್ಲ, ಎನ್ನುವುದು ಎಲ್ಲ ಊರಿನ ದೂರು. ಘಟಕದ ಸರಾಸರಿಯೇ ಲೆಕ್ಕ, ಅದಕ್ಕೆ. ಒಂದೊಂದು ಹೊಲ ಅಳೆಯಲು ಹೊರಟರೆ ಅಳೆಯುವ ಖರ್ಚೇ ಕಂತನ್ನು ತಿಂದುಹಾಕುತ್ತದೆ, ಜೊತೆಗೆ ಗೊಬ್ಬರ ಹಾಕದೆ ಕಳೆ ತೆಗೆಯದೆ ಪರಿಹಾರ ಕೇಳುವವರನ್ನು ತಡೆಯುವುದು ಆಗುವುದಿಲ್ಲ. ಪ್ರದೇಶವನ್ನೇ ಘಟಕವಾಗಿ ಇಡುವ ವಾದವನ್ನು 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಗಟ್ಟಿಯಾಗಿ ಮುಂದಿಟ್ಟರು, 1985ರ ಸಮಗ್ರ ಬೆಳೆ ವಿಮೆ ಅದೇ ದಾರಿ ಹಿಡಿಯಿತು. ಅದಕ್ಕೂ ಹಿಂದೆ, 1915ರ ಸುಮಾರಿಗೆ, ನಮ್ಮ ಮೈಸೂರು ಸಂಸ್ಥಾನದಲ್ಲಿದ್ದ ಜೆ.ಎಸ್. ಚಕ್ರವರ್ತಿ ಮಳೆ ಕೊರತೆಯನ್ನೇ ಅಳತೆಗೋಲಾಗಿ ಇಟ್ಟು ಪ್ರದೇಶವಾರು ವಿಮೆಯ ಯೋಜನೆ ಬರೆದಿದ್ದರು. ಘಟಕ ಚಿಕ್ಕದಾದಷ್ಟೂ ರೈತನಿಗೆ ನ್ಯಾಯ ಹತ್ತಿರ. ಹೋಬಳಿ ಮಟ್ಟದಲ್ಲಿ ಇರುವ ಬೆಳೆಗಳಲ್ಲಿ, ಒಂದೇ ಹೋಬಳಿಯ ಒಂದು ಮೂಲೆಯಲ್ಲಿ ಮಳೆ ಸುರಿದು ಇನ್ನೊಂದು ಮೂಲೆ ಒಣಗಿದರೆ ಒಣಗಿದವರಿಗೆ ಏನೂ ಸಿಗದೆ ಹೋಗಬಹುದು.

ಸರಾಸರಿಯ ಈ ನಿಯಮಕ್ಕೆ ಕೆಲವು ಕಿಂಡಿಗಳಿವೆ. ಆಲಿಕಲ್ಲು, ಭೂಕುಸಿತ, ಮುಳುಗಡೆ, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವು ಒಬ್ಬನ ಹೊಲಕ್ಕೆ ಬಡಿದರೂ ಒಬ್ಬನಿಗೇ ಪರಿಹಾರ. ಆದರೆ 72 ಗಂಟೆಯೊಳಗೆ ತಿಳಿಸಬೇಕು: 14447ಕ್ಕೆ ಕರೆ ಮಾಡಿ, ಇಲ್ಲವೇ ಕ್ರಾಪ್ ಇನ್ಶೂರೆನ್ಸ್ ಆ್ಯಪಿನಲ್ಲಿ, ಇಲ್ಲವೇ ಬ್ಯಾಂಕಿನಲ್ಲೋ ಕೃಷಿ ಇಲಾಖೆಯಲ್ಲೋ. ಕರೆ ಮಾಡಿದವರು ದೂರು ಸಂಖ್ಯೆ ತೆಗೆದುಕೊಳ್ಳದೆ ಫೋನ್ ಇಡಬಾರದು. ನಾಲ್ಕನೇ ದಿನ ಹೋದರೆ ಎಂಥ ನಷ್ಟವಾದರೂ ತಿರಸ್ಕಾರ. ಇಲ್ಲಿ ಸಿಗುವ ಮೊತ್ತವೂ ಪೂರ್ತಿ ವಿಮಾ ಮೊತ್ತದ ಮೇಲಲ್ಲ, ಆ ದಿನದವರೆಗೆ ಬೆಳೆಗೆ ಮಾಡಿದ ಖರ್ಚಿನ ಪ್ರಮಾಣಕ್ಕೆ. ಬಿತ್ತಿ ಒಂದು ತಿಂಗಳಿಗೆ ಆಲಿಕಲ್ಲು ಬಿದ್ದರೆ ಕಡಿಮೆ, ತೆನೆ ಬಲಿತ ಮೇಲೆ ಬಿದ್ದರೆ ಹೆಚ್ಚು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆಗೆ 14 ದಿನದವರೆಗೆ ಅಕಾಲಿಕ ಮಳೆ, ಚಂಡಮಾರುತ, ಆಲಿಕಲ್ಲಿನ ರಕ್ಷಣೆ ಉಂಟು. ಬಣವೆ ಒಟ್ಟಿದ ಮೇಲೆ ಇಲ್ಲ, ಕಣಕ್ಕೆ ಸಾಗಿಸಿದ ಮೇಲೂ ಇಲ್ಲ. ಭತ್ತದ ಮುಳುಗಡೆಯನ್ನು 2018ರಲ್ಲಿ ಈ ಪಟ್ಟಿಯಿಂದ ತೆಗೆದಿದ್ದರು. ಅದನ್ನು ಮತ್ತೆ ಸೇರಿಸುವುದಾಗಿ, ಜೊತೆಗೆ ಕಾಡುಪ್ರಾಣಿ ಹಾವಳಿಯನ್ನೂ ತರುವುದಾಗಿ, 2026ರ ಮುಂಗಾರಿನಿಂದ ಜಾರಿ ಎಂದು ಕೇಂದ್ರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಅಂತ ರಾಜ್ಯ ಗುರುತಿಸಬೇಕು. ಆನೆ, ಹಂದಿ ಕಾಟದ ಕಡೆಯವರು ಅಧಿಸೂಚನೆಯಲ್ಲಿ ತಮ್ಮ ಜಾಗ ಇದೆಯಾ ಅಂತ ಓದಿಯೇ ಕಂತು ಕಟ್ಟಲಿ.

ಮಳೆಯಿಲ್ಲದೆ ಬಿತ್ತನೆಯೇ ಆಗದ ವರ್ಷಕ್ಕೆ ಬೇರೆ ನಿಯಮ. ಘಟಕದ ಬಿತ್ತನೆ ಪ್ರದೇಶದಲ್ಲಿ ಶೇ 75ಕ್ಕಿಂತ ಹೆಚ್ಚು ಬೀಳು ಬಿದ್ದಿದ್ದರೆ ವಿಮಾ ಮೊತ್ತದ ಶೇ 25 ಕೊಟ್ಟು ಪಾಲಿಸಿ ಮುಗಿಸುತ್ತಾರೆ. ಬೆಳೆ ನಡುವೆ ಬರ ಬಂದು ಇಳುವರಿ ಖಾತರಿಯ ಅರ್ಧಕ್ಕಿಂತ ಕೆಳಗಿಳಿಯುವ ಅಂದಾಜಿದ್ದರೆ, ಸಂಭವನೀಯ ಪರಿಹಾರದ ಶೇ 25ರವರೆಗೆ ಮುಂಗಡ. ಇದು ಕೊನೆಯ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಮುಂಗಡ ಬಂದ ಮೇಲೆ ಎರಡನೇ ಸಲದ ದುಡ್ಡು ಕಡಿಮೆ ಬಂತು ಅಂತ ಗಾಬರಿ ಬೀಳುವವರು ಇದನ್ನು ನೆನಪಿಡಬೇಕು.

ಕರ್ನಾಟಕದಲ್ಲಿ ಅರ್ಜಿ ಬೀಳುವುದು ಹೆಚ್ಚಾಗಿ ಇನ್ನೊಂದು ಜಾಗದಲ್ಲಿ. ಇಲ್ಲಿ ನೋಂದಣಿ 'ಸಂರಕ್ಷಣೆ' ಪೋರ್ಟಲಿನಲ್ಲಿ, ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆಯ ಮೂಲಕ. ವಿಮೆ ಮಾಡಿಸಿದ ಬೆಳೆಯನ್ನು ಆಮೇಲೆ ಬೆಳೆ ಸಮೀಕ್ಷೆಯ ಜೊತೆ ತಾಳೆ ನೋಡುತ್ತಾರೆ. ವಿಮೆಯಲ್ಲಿ ಮೆಕ್ಕೆಜೋಳ, ಸಮೀಕ್ಷೆಯಲ್ಲಿ ರಾಗಿ ಅಂತಿದ್ದರೆ ಪ್ರಸ್ತಾವನೆ ತಿರಸ್ಕಾರ. ಮಳೆಯಾಶ್ರಿತ, ನೀರಾವರಿ ಎನ್ನುವ ಕಾಲಮ್ಮಿನಲ್ಲಿ ತಪ್ಪಾಗುವುದು ಇನ್ನೂ ಹೆಚ್ಚು, ಎರಡಕ್ಕೂ ವಿಮಾ ಮೊತ್ತ ಬೇರೆ, ಖಾತರಿ ಇಳುವರಿ ಬೇರೆ. ತಪ್ಪು ಹುಟ್ಟುವುದು ಎರಡು ಕಡೆ. ಬ್ಯಾಂಕಿನಲ್ಲಿ ಹಳೆಯ ಸಾಲದ ಅರ್ಜಿಯ ಬೆಳೆಯನ್ನೇ ಹಾಕಿ ಕಂತು ಮುರಿದುಕೊಳ್ಳುತ್ತಾರೆ. ಇಲ್ಲವೇ ಸಮೀಕ್ಷೆಗೆ ಬಂದವರು ಹೊಲಕ್ಕೆ ಇಳಿಯದೆ ದಾರಿಯಲ್ಲಿ ನಿಂತು ಫೋಟೊ ಹೊಡೆಯುತ್ತಾರೆ. 'ಬೆಳೆ ದರ್ಶಕ' ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ಅಂತ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಇದಕ್ಕೆ ಗಡುವು ಇದೆ, ಬೆಳೆ ಹೊಲದಲ್ಲಿ ಇರುವಾಗಲೇ ಮಾಡಬೇಕು. ಕೊಯ್ಲಾದ ಮೇಲೆ ಯಾರು ಬಂದು ಏನು ನೋಡಿಯಾರು?

ಬೆಳೆ ಸಾಲ ಇರುವವರಿಗೆ 2020ರ ಮುಂಗಾರಿನಿಂದ ವಿಮೆ ಕಡ್ಡಾಯವಲ್ಲ. ಆದರೆ ಬೇಡ ಅನ್ನುವವರು ಕೊನೆಯ ದಿನಕ್ಕಿಂತ ಕನಿಷ್ಠ 7 ದಿನ ಮೊದಲು ಬ್ಯಾಂಕಿಗೆ ಬರೆದು ಕೊಡಬೇಕು, ಇಲ್ಲದಿದ್ದರೆ ಕಂತು ತಾನಾಗಿ ಮುರಿಯುತ್ತದೆ. ಬೇಕು ಅನ್ನುವವರು ಈ ವರ್ಷ ನಿಜವಾಗಿ ಏನು ಬಿತ್ತಿದ್ದೀರಿ ಎಂದು ಬರೆದು ಕೊಡುವುದು ಅದಕ್ಕಿಂತ ಮುಖ್ಯ.

ಇದರ ಬೆನ್ನಿಗೇ ಇನ್ನೊಂದು ಕತ್ತರಿ ಇದೆ. ಪಂಚಾಯಿತಿಯಲ್ಲಿ ರಾಗಿ ಬಿತ್ತಿದ್ದು 900 ಹೆಕ್ಟೇರ್, ವಿಮೆ ಆದದ್ದು 1,200 ಹೆಕ್ಟೇರ್ ಅಂತ ಬಂದರೆ ಹೆಚ್ಚುವರಿ 300 ಹೆಕ್ಟೇರ್ ಯಾರದು ಅಂತ ಬಿಡಿಸಲಾಗದೆ ಎಲ್ಲರ ಪರಿಹಾರವನ್ನೂ 0.75ರಿಂದ ಗುಣಿಸಬಹುದು. 15,000 ಇದ್ದದ್ದು 11,250. ಸುಳ್ಳು ವಿಮೆ ಮಾಡಿಸಿದವನು ಸರ್ಕಾರಕ್ಕೆ ಟೋಪಿ ಹಾಕಿದೆ ಅಂದುಕೊಳ್ಳುತ್ತಾನೆ, ಹಾಕಿದ್ದು ಪಕ್ಕದ ಹೊಲದವನಿಗೆ. ಮಹಾರಾಷ್ಟ್ರದಲ್ಲಿ 2023ರಲ್ಲಿ 1 ರೂಪಾಯಿಗೆ ವಿಮೆ ಶುರು ಮಾಡಿ, ನಕಲಿ ಅರ್ಜಿಗಳ ಹಾವಳಿ ತಾಳಲಾರದೆ 2025ರಲ್ಲಿ ಕೈಬಿಟ್ಟರು. ರೈತನ ಪಾಲು ತೀರ ಸೊನ್ನೆಗೆ ಇಳಿಸಬಾರದು ಅಂತ ನಾನು ಹೇಳುವುದು ಇದಕ್ಕೇ.

ಅಡಿಕೆ, ಕಾಳುಮೆಣಸು, ಶುಂಠಿ, ದಾಳಿಂಬೆ, ಮಾವಿನಂಥ ಬೆಳೆಗಳದ್ದು ಪೂರ್ತಿ ಬೇರೆ ದಾರಿ, ಹವಾಮಾನ ಆಧಾರಿತ ವಿಮೆ. ಅಡಿಕೆಗೆ ಹೆಕ್ಟೇರಿಗೆ 1,28,000 ವಿಮಾ ಮೊತ್ತ, ಶೇ 5ರಂತೆ 6,400 ಕಂತು. ಕಾಳುಮೆಣಸಿಗೆ 47,000 ಮತ್ತು 2,350 ಎನ್ನುವುದು ಮಲೆನಾಡು, ಕರಾವಳಿಯವರಿಗೆ ಬಾಯಿಪಾಠ. ಇಲ್ಲಿ ತೋಟಕ್ಕೆ ಯಾರೂ ಬರುವುದಿಲ್ಲ, ಕಾಯಿ ಎಷ್ಟು ಉದುರಿತು ಅಂತ ಎಣಿಸುವುದೂ ಇಲ್ಲ. ಪಂಚಾಯಿತಿಯ ಮಳೆಮಾಪಕ, ಹೋಬಳಿಯ ಹವಾಮಾನ ಕೇಂದ್ರ ಏನು ಹೇಳಿತೋ ಅದೇ. ಟರ್ಮ್ ಶೀಟ್ ಎನ್ನುವ ಕಾಗದದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಮಿಲಿಮೀಟರ್ ದಾಟಿದರೆ ಶುರು, ಎಷ್ಟಕ್ಕೆ ಗರಿಷ್ಠ, ಪ್ರತಿ ಮಿಲಿಮೀಟರಿಗೆ ಎಷ್ಟು ಅಂತ ಬರೆದಿರುತ್ತದೆ. ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಲು ಸುಮ್ಮನೆ ಅಂಕಿ ಹಾಕುತ್ತೇನೆ: ಜುಲೈ, ಆಗಸ್ಟ್ ಸೇರಿ 1,500 ಮಿಮೀ ದಾಟಿದ ಮೇಲೆ ಪ್ರತಿ ಮಿಮೀಗೆ 30 ರೂಪಾಯಿ, 2,500ಕ್ಕೆ ಗರಿಷ್ಠ 30,000. ಮಳೆ 1,820 ಬಿದ್ದರೆ 9,600. ಅದೇ ಮಾಪಕ ಎರಡು ದಿನ ಕೆಟ್ಟು, ದಿನಕ್ಕೆ 90 ಮಿಮೀಯಂತೆ 180 ದಾಖಲಾಗದೆ ಹೋದರೆ 5,400 ರೂಪಾಯಿ ಕೈಬಿಟ್ಟಿತು. ಹಾಗಾಗದಿರಲಿ ಅಂತ ಮಾಪಕ ಕೆಟ್ಟ ದಿನಗಳಿಗೆ ಪಕ್ಕದ ಕೇಂದ್ರದ ಅಂಕಿ ತುಂಬಿಸುತ್ತಾರೆ, ಆದರೆ ಮಲೆನಾಡಿನಲ್ಲಿ ಒಂದು ಗುಡ್ಡದ ಈಚೆ ಆಚೆ ಮಳೆ ಎಷ್ಟು ಬೇರೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಕೊಳೆ ರೋಗ ಬಂದರೂ ಮಳೆ ಗೆರೆ ದಾಟದಿದ್ದರೆ ಪರಿಹಾರ ಇಲ್ಲ, ತೋಟ ಚೆನ್ನಾಗಿದ್ದು ಮಳೆ ಗೆರೆ ದಾಟಿದರೆ ಪರಿಹಾರ ಉಂಟು. ಮಳೆಮಾಪಕ ಎಲ್ಲಿದೆ, ಮರದ ಕೆಳಗಿದೆಯಾ, ಬಾಯಿಗೆ ಎಲೆ ಕಟ್ಟಿದೆಯಾ ಅಂತ ಮೇ ತಿಂಗಳಲ್ಲೇ ಹೋಗಿ ನೋಡಿ, ಫೋಟೊ ತೆಗೆದು ಪಂಚಾಯಿತಿಗೆ ಬರೆದು ಕೊಡುವುದು ತೋಟಿಗರು ಮಾಡಬಹುದಾದ ಅತಿ ಲಾಭದ ಕೆಲಸ. ದಿನದ ಮಳೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನ ಲೆಕ್ಕ. ಮನೆಯಲ್ಲಿ ಅಳೆದು ಬರೆಯುವವರು ಅದೇ ಹೊತ್ತಿಗೆ ಬರೆದರೆ ಮಾತ್ರ ಹೋಲಿಸಲು ಬರುತ್ತದೆ.

ಪರಿಹಾರ ಮಂಜೂರಾಗಿಯೂ ಖಾತೆಗೆ ಬರದೆ ಇರುವುದಕ್ಕೆ ಸಾಮಾನ್ಯ ಕಾರಣ ಆಧಾರ್ ಜೋಡಣೆ. ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗೇ ಆಗಬೇಕಿಲ್ಲ, ಎನ್‌ಪಿಸಿಐಯಲ್ಲಿ (ಬ್ಯಾಂಕುಗಳ ನಡುವೆ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗಬಹುದು. ಮಗಳ ಸ್ಕಾಲರ್‌ಶಿಪ್ಪಿಗೋ ಗ್ಯಾಸ್ ಸಬ್ಸಿಡಿಗೋ ಅಂತ ಯಾವತ್ತೋ ತೆರೆದು ಮರೆತ ಖಾತೆಯಲ್ಲಿ ವಿಮೆ ಹಣ ಕೂತಿರುತ್ತದೆ. ಜಂಟಿ ಪಹಣಿ ಇದ್ದು ಒಬ್ಬರ ಹೆಸರಲ್ಲಿ ಮಾತ್ರ ಎಫ್‌ಐಡಿ ಆಗಿದ್ದರೂ, ಅಪ್ಪ ತೀರಿಕೊಂಡು ಪೌತಿ ಖಾತೆ ಆಗದಿದ್ದರೂ ಇದೇ ಪಾಡು. ಸಂರಕ್ಷಣೆ ಪೋರ್ಟಲಿನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಸ್ಥಿತಿ ಕಾಣುತ್ತದೆ. ಕೋರಿಗೆ, ಅಂದರೆ ಬೇರೆಯವರ ಜಮೀನನ್ನು ಬೆಳೆಯ ಪಾಲಿಗೆ ಮಾಡುವವರ ವಿಷಯ ಇನ್ನೂ ಸೂಕ್ಷ್ಮ: ಎಫ್‌ಐಡಿ ಜಮೀನಿನ ಮಾಲೀಕರದ್ದಾದರೆ ಹಣವೂ ಅವರ ಖಾತೆಗೇ ಹೋಗುತ್ತದೆ, ಆದ್ದರಿಂದ ಬಿತ್ತುವ ಮೊದಲೇ ಕಂತು ಯಾರು ಕಟ್ಟುವುದು, ಪರಿಹಾರ ಬಂದರೆ ಯಾರಿಗೆ ಎಷ್ಟು ಅಂತ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡು, ಕೆಳಗೆ ಇಬ್ಬರ ರುಜು, ಊರಿನ ಒಬ್ಬರ ಸಾಕ್ಷಿ ಹಾಕಿಸಿಕೊಳ್ಳಿ.